ಬೆಂಡೆಕಾಯಿಯ ತುದಿ

ಹನ್ನೆರಡನೆಯ ಬೆಂಡೆಕಾಯಿಯ ತುದಿಯೂ ಟಕ್ಕೆನ್ನದೆ ಬಾಗಿ ನೇತಾಡಿತು. "ಇದೂ ಬಲಿತಿದೆ," ಎಂದು ರೇವತಿ ಆಂಟಿ ಅದನ್ನು ಬುಟ್ಟಿಗೆ ವಾಪಸ್ ಎಸೆದರು. ಪರದೇಶದಲ್ಲಿ ತಾವಿದ್ದ ಬಡಾವಣೆ ಕೆಲ್ಲಿವಿಲ್‌ನಿಂದ ಅವರನ್ನು ಈ ನದಿಯಂಚಿನ ತೋಟಕ್ಕೆ ಕಾರಿನಲ್ಲಿ ಕರೆತಂದಿದ್ದ ವಿನುತಾಳಿಗೆ ಮೈ ಉರಿಯಿತು. ತೋಟದ ಮುದುಕಿಗೆ ಈ ಸಲದ ನೆರೆಯಲ್ಲಿ ಉಳಿದದ್ದು ಎರಡೇ ಸಾಲು. ಕೆಸರಲ್ಲಿ ಕಾಲಿಡಲಾಗದೆ ಕೊಯ್ಲು ತಡವಾಗಿ, ಅದೂ ಬಲಿತಿತ್ತು.

"ತುದಿ ಮುರಿದದ್ದನ್ನ ಇನ್ಯಾರು ತಗೋತಾರೆ, ಆಂಟಿ?"

"ಊರಲ್ಲಿ ಎಲ್ರೂ ಹೀಗೇ ಅಲ್ವೇನೇ ನೋಡೋದು?"

ಮುದುಕಿ ಮುರಿದ ಕಾಯಿಗಳನ್ನು ಒಂದೊಂದಾಗಿ ಪಕ್ಕಕ್ಕೆ ಎತ್ತಿಡತೊಡಗಿದಳು. ವಿನುತಾ ಅವನ್ನೆಲ್ಲ ಬಾಚಿ ಆಂಟಿಯ ಚೀಲಕ್ಕೆ ಸುರಿದಳು.

"ಊರಲ್ಲಾಗಿದ್ರೆ ತರಕಾರಿ ಗಾಡಿಯವನು ಬೈದು, ಮುರಿದದ್ದನ್ನೆಲ್ಲ ನಿಮ್ಮ ಚೀಲಕ್ಕೇ ಹಾಕ್ತಿದ್ದ. ಪಾಪ, ಈಯಮ್ಮಂಗೆ ಬೈಯೋಕೆ ಬರಲ್ಲ. ಅದಕ್ಕೇ ನಾನು ಹಾಕ್ದೆ."