ಕ್ಲಚ್ಚಿಗೆ ಕಟ್ಟಿದ ಮರದ ತುಂಡು

ಹಳೇ ಪಿಕಪ್ಪಿನ ಗೇರು ಒಂದೊಂದು ಸಲ ಕಿರ್ರೆಂದು ಕೂಗಿ ಬೀಳದೇ ಹೋಗುತ್ತಿತ್ತು. ಆಗ ಎಂಜಿನ್ನು ಬೊಬ್ಬೆ ಹೊಡೆಯುತ್ತಿತ್ತು. ಗ್ಯಾರೇಜಿನಲ್ಲಿ ಗಾಡಿಯ ಮಾಲೀಕ ಮೆಕ್ಯಾನಿಕ್‌ಗೆ ಕ್ಲಚ್ ಪೆಡಲಿಗೆ ತಂತಿಯಿಂದ ಬಿಗಿದಿದ್ದ ಮರದ ತುಂಡನ್ನು ತೋರಿಸಿದ.

“ನೋಡಪ್ಪ, ಎಲ್ಲಾ ಇದರದ್ದೇ ಕಿತಾಪತಿ. ನಮ್ಮನೆಯವಳು ಕುಳ್ಳಿ, ಕಾಲು ಎಟಕಲ್ಲ ಅಂತ ಕಟ್ಸ್ಕೊಂಡವಳೆ. ನನ್ನ ಕಾಲು ಮುರ್ದಿದ್ದಾಗ ಗಾಡಿ ಕಲ್ತಳು, ಗೇರ್ ಬಾಕ್ಸೇ ತಿಂದಾಕಿದ್ಲು!”

ಪಂಕ್ಚರ್ ಹಾಕಿಸಲು ಕೂತಿದ್ದವರು ಜೋರಾಗಿ ನಕ್ಕರು. ಮೆಕ್ಯಾನಿಕ್ ಪಕ್ಕದಲ್ಲೇ ನಿಂತಿದ್ದ ಅವನ ಹೆಂಡತಿಯ ಕಡೆ ನೋಡಿದ.

“ತೆಗೀರಿ ಅಣ್ಣ,” ಎಂದಳು ಅವಳು.

ತುಂಡು ಬಿಚ್ಚಿದ ಮೇಲೆ ಗಂಡನೇ ಹತ್ತಿ ಕೂತ. ಎಡಗಾಲು ಪೂರ್ತಿ ವಾಸಿಯಾಗಿದೆಯೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದವನು ಹಲ್ಲು ಕಚ್ಚಿ ಪೆಡಲು ಒತ್ತಿದ. ಗೇರು ಮೊದಲಿಗಿಂತ ಜೋರಾಗಿ ಕಿರುಚಿತು. ಮತ್ತೆ ಒತ್ತಿದ. ಪೆಡಲು ಅರ್ಧಕ್ಕೇ ನಿಂತಿತು, ಗೇರು ಬೀಳಲೇ ಇಲ್ಲ.

“ಅಕ್ಕ, ನೀವೊಂದು ಸಲ ನೋಡಿ,” ಎಂದ ಮೆಕ್ಯಾನಿಕ್.

ಅವಳು ಕೂತು, ಬರಿಯ ಪೆಡಲನ್ನು ತಳ ಮುಟ್ಟುವಂತೆ ಒತ್ತಿದಳು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಗೇರು ಬಿತ್ತು. ಗಾಡಿ ಒಂದು ಸುತ್ತು ಹಾಕಿ ಬಂದು ನಿಂತಿತು.

ನಕ್ಕವರೆಲ್ಲ ಈಗ ಅವನ ಎಡಗಾಲನ್ನೇ ನೋಡುತ್ತಿದ್ದರು. ಆ ಕಾಲನ್ನು ಎಲ್ಲಿ ಬಚ್ಚಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಅವಳು ಇಳಿದು, ನೆಲದ ಮೇಲಿದ್ದ ಮರದ ತುಂಡನ್ನು ಎತ್ತಿ ಮೆಕ್ಯಾನಿಕ್ ಕೈಗೆ ಕೊಟ್ಟಳು.

“ಇದಕ್ಕಿಂತ ಒಂಚೂರು ದಪ್ಪದ್ದು ಕಟ್ಟಿ ಅಣ್ಣ. ನಾನು ಕುಳ್ಳಿ, ನೋಡಿ.”