ನಮ್ಮೂರಲ್ಲಿ ಗಿರಿಜೆ ಸಾಯಲಿಲ್ಲ

ಕಾರ್ತಿಕದ ಚಳಿ ಶುರುವಾಗಿತ್ತು. ರೇಷ್ಮೆಹುಳು ನಾಲ್ಕನೇ ಸಲ ಪೊರೆ ಬಿಟ್ಟು, ಆ ಜ್ವರದಿಂದ ಎದ್ದು, ಹಾಕಿದಷ್ಟೂ ಸೊಪ್ಪು ಮೇಯುತ್ತಿತ್ತು... ಹುಳುಮನೆಯೊಳಗೆ ಸೋನೆಮಳೆ ಹಿಡಿದಂಥ ಸದ್ದು.

ಶಿಡ್ಲಘಟ್ಟದ ಕಡೆಯ ಪಿಳ್ಳಪ್ಪ ಒಂದು ಕೈಯಲ್ಲಿ ಸೊಪ್ಪು ಹರಡುತ್ತಿದ್ದ. ಇನ್ನೊಂದು ಕೈಯಲ್ಲಿ ಫೋನು.

ದಿನಾ ಸಂಜೆ ನಾಲ್ಕಕ್ಕೆ ‘ಹಳೇ ಸಿನಿಮಾ ಹುಚ್ಚರು’ ವಾಟ್ಸಾಪ್ ಗ್ರೂಪಿನಲ್ಲಿ ಕ್ವಿಜ್. ನೂರಾ ಎಂಬತ್ತು ಜನ, ಒಬ್ಬರ ಮುಖ ಒಬ್ಬರು ಕಂಡವರಲ್ಲ.

ಪ್ರಶ್ನೆ ಕೇಳುವವರು ತಿಪಟೂರಿನ ಸುಮಿತ್ರಾ ಮೇಡಂ. ರಿಟೈರ್ಡ್ ಟೀಚರ್. ಉತ್ತರ ತಪ್ಪಿದರೆ ಕೆಂಪು ಇಂಟು ಮಾರ್ಕ್ ಹಾಕದೆ ಬಿಡುವವರಲ್ಲ.

ಅವತ್ತಿನ ಪ್ರಶ್ನೆ... “‘ತಾವರೆಕೆರೆ ಗಿರಿಜೆ’ ಚಿತ್ರದ ಕೊನೆಯಲ್ಲಿ, ಹೆರಿಗೆಯಲ್ಲಿ ಗಿರಿಜೆ ತೀರಿಕೊಂಡ ಮೇಲೆ ಮಗುವನ್ನು ಸಾಕುವವರು ಯಾರು?”

ಪಿಳ್ಳಪ್ಪ ಕೈಯಲ್ಲಿದ್ದ ಸೊಪ್ಪು ಕೆಳಗೆ ಹಾಕಿದ. ವಾಯ್ಸ್ ಮೆಸೇಜ್ ಒತ್ತಿದ.

“ಮೇಡಂ, ಪ್ರಶ್ನೇನೇ ತಪ್ಪು. ಗಿರಿಜೆ ಎಲ್ಲಿ ಸತ್ಲು? ಸೀಮಂತದ ಹಾಡಾಗಿ, ಶುಭಂ ಅಂತ ಬಂದು ಪಿಚ್ಚರ್ ಮುಗೀತದೆ.”

ಗ್ರೂಪಿಗೆ ಗ್ರೂಪೇ ನಕ್ಕಿತು.

“ಪಿಳ್ಳಣ್ಣ ಕೊನೇಲಿ ನಿದ್ದೆ ಹೊಡೆದಿರಬೇಕು” ಅಂತ ಯಾರೋ ಬರೆದರು.

“ನಲವತ್ತೆರಡು ವರ್ಷದ ಹಿಂದೆ ನಮ್ಮೂರ ಟೆಂಟಲ್ಲಿ ಏಳು ಸಲ ನೋಡಿದೀನಿ ಸ್ವಾಮಿ. ಏಳು ಸಲಾನೂ ನಿದ್ದೆ ಹೊಡೆಯೋಕೆ ನಾನೇನು ಪಂಚಾಯ್ತಿ ಮೆಂಬರಾ?”

ಮೇಡಂ ಕಡೆಯಿಂದ ಕೆಂಪು ಇಂಟು ಬಂತು.

ಪಿಳ್ಳಪ್ಪನಿಗೆ ಅದನ್ನು ತಡೆಯಲಾಗಲಿಲ್ಲ. “ಗಿರಿಜೆ ಸತ್ತಿದ್ದು ನಿಜ ಆದ್ರೆ ಈ ಮೀಸೆ ಬೋಳಿಸಿ ಫೋಟೋ ಹಾಕ್ತೀನಿ” ಅಂದುಬಿಟ್ಟ.

ಅದೇನು ಸಾಮಾನ್ಯ ಮೀಸೆಯಲ್ಲ... ಹದಿನೆಂಟಕ್ಕೆ ಬಿಟ್ಟದ್ದು. ಕಟ್ಟಿಕೊಂಡ ಹೆಂಡತಿಯೇ ಅವನನ್ನು ಮೀಸೆಯಿಲ್ಲದೆ ನೋಡಿರಲಿಲ್ಲ.

ಸಾಕ್ಷಿ ಬೇಕಲ್ಲ. ಫೋನು ಹಿಡಿದು ಊರೆಲ್ಲ ಸುತ್ತಿದ. ಅರಳಿಕಟ್ಟೆಯ ಮೇಲಿದ್ದ ನಾಲ್ವರು ಹಿರಿಯರು, “ಬದುಕಿದ್ಲು ಕಣಪ್ಪಾ, ಹಸಿರು ಬಳೆ ತೊಟ್ಕೊಂಡು ನಗ್ತಾ ಕೂತಿದ್ಲು” ಅಂದರು. ಅಷ್ಟನ್ನೂ ಗ್ರೂಪಿಗೆ ಕಳಿಸಿ, “ಊರಿಗೂರೇ ಸುಳ್ಳು ಹೇಳ್ತದಾ?” ಅಂತ ಕೇಳಿದ.

ಈಗ ಮೀಸೆಯ ಜೊತೆಗೆ ಊರಿನ ಮಾನವೂ ಪಣಕ್ಕೆ ಬಿತ್ತು...

ಮರುದಿನ ಬೆಳಿಗ್ಗೆ ಮೇಡಂ ಚಿತ್ರದ ಕೊನೆಯ ಹತ್ತು ನಿಮಿಷದ ವಿಡಿಯೋ ಎಲ್ಲಿಂದಲೋ ಹುಡುಕಿ ಕಳಿಸಿದರು.

ಪಿಳ್ಳಪ್ಪ, ಹೆಂಡತಿ ಮುನಿರತ್ನಮ್ಮ ಇಬ್ಬರೂ ಜಗಲಿಯಲ್ಲಿ ಕೂತು ನೋಡಿದರು. ಸೀಮಂತದ ಹಾಡು ಬಂತು. ಶುಭಂ ಬರಲಿಲ್ಲ. ಅದರ ಮುಂದೆ ಇವರು ಕಾಣದೇ ಇದ್ದ ಒಂದು ಮಳೆ, ಒಂದು ಮುರಿದ ಗಾಡಿ, ಒಂದು ಕೂಗು...

ಗಿರಿಜೆ ಸತ್ತಳು.

ಮುನಿರತ್ನಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ನಲವತ್ತೆರಡು ವರ್ಷ ಚೆನ್ನಾಗಿದ್ಲಲ್ರೀ... ಇವತ್ತು ಹೋಗ್ಬಿಟ್ಲು.”

ಆಮೇಲೆ ಎದ್ದು ಒಲೆಗೆ ಬಿಸಿನೀರಿಟ್ಟಳು. ಸಾವಿನ ಮೈಲಿಗೆ ಇದ್ದವರು ಹುಳುಮನೆ ಹೊಕ್ಕರೆ ಬೆಳೆ ಕೆಡುತ್ತದೆ ಅನ್ನುವುದು ಆ ಕಡೆಯ ನಂಬಿಕೆ.

“ಲೇ, ಅದು ಪಿಚ್ಚರ್ ಕಣೇ.”

“ಇರ್ಲಿ. ತಲೆಗೆ ನೀರು ಹಾಕ್ಕೊಂಡೇ ನಾನು ಒಳಗೆ ಬರೋದು. ನೀವೂ ಹಾಕ್ಕೊಳ್ಳಿ.”

ಪಿಳ್ಳಪ್ಪನೂ ಹಾಕಿಕೊಂಡ. ಹೇಗೂ ತಲೆಗೆ ನೀರು ಬಿದ್ದಿದೆಯೆಂದು, ಬೇವಿನ ಮರಕ್ಕೆ ಕನ್ನಡಿ ಸಿಕ್ಕಿಸಿ ಮೀಸೆಯನ್ನೂ ತೆಗೆದ. ಮಾತು ಅಂದರೆ ಮಾತು.

ಹೆಂಡತಿ ಬಹಳ ಹೊತ್ತು ನೋಡಿದಳು. “ಥೇಟು ನಿಮ್ಮಮ್ಮನ ಥರಾನೇ ಇದ್ದೀರ. ನನಗೆ ಈಗ್ಲೇ ಭಯ ಆಗ್ತಿದೆ.”

ಫೋಟೋ ಗ್ರೂಪಿಗೆ ಹೋಯಿತು. ನಗುವ ಗೊಂಬೆಗಳು ಮಳೆಯಂತೆ ಸುರಿದವು. ಅಷ್ಟರಲ್ಲಿ, ಯಾವತ್ತೂ ಬಾಯಿ ಬಿಡದ ಒಂದು ನಂಬರಿನಿಂದ ವಾಯ್ಸ್ ಮೆಸೇಜ್ ಬಂತು. ವಯಸ್ಸಾದ ಗಂಡಸಿನ ದನಿ.

“ನಾನು ಗೌರಿಬಿದನೂರಿನ ಗಫಾರ್. ಆ ಟೆಂಟ್‌ನಲ್ಲಿ ಆಪರೇಟರ್ ಆಗಿದ್ದೆ. ಪಿಳ್ಳಪ್ನೋರೇ, ತಪ್ಪು ನಿಮ್ದಲ್ಲ... ನಿಮ್ಮೂರಲ್ಲಿ ನಾನು ಕೊನೇ ರೀಲು ಓಡಿಸ್ಲೇ ಇಲ್ಲ.”

ಅದೇ ದನಿ ಮುಂದುವರಿಯಿತು.

“ಆವಾಗ ನಮ್ಮ ಮನೆಯವಳಿಗೆ ಏಳು ತಿಂಗಳು. ಅದಕ್ಕೂ ಮುಂಚೆ ಎರಡು ಹೆರಿಗೇಲಿ ಎರಡೂ ಮಕ್ಕಳು ಉಳಿದಿರ್ಲಿಲ್ಲ. ದಿನಾ ಬಂದು ಮೆಷಿನ್ ಪಕ್ಕ ಕೂತ್ಕೊಂಡು ಪಿಚ್ಚರ್ ನೋಡೋಳು. ಗಿರಿಜೆ ಅಂದ್ರೆ ಪ್ರಾಣ. ಆ ಸಾವು ಅವಳಿಗೆ ಹೇಗ್ರೀ ತೋರಿಸ್ಲಿ? ಸೀಮಂತ ಆದ ಕೂಡಲೇ ಶುಭಂ ಸ್ಲೈಡ್ ಹಾಕ್ಬಿಡ್ತಿದ್ದೆ. ಕೊನೇ ರೀಲು ಡಬ್ಬೀಲೇ ಇರೋದು. ಟೆಂಟ್ ಯಜಮಾನ್ರು ಇಂಟರ್ವಲ್ ಆದ್ರೆ ಗೊರಕೆ ಹೊಡೆಯೋರು, ಯಾರಿಗೂ ಗೊತ್ತಾಗ್ಲಿಲ್ಲ. ನಿಮ್ಮೂರಿಗೆಲ್ಲ ಸುಳ್ಳು ತೋರಿಸ್ದೆ, ಮಾಫ್ ಮಾಡಿ.”

ಪಿಳ್ಳಪ್ಪ ಮತ್ತೆ ವಾಯ್ಸ್ ಮೆಸೇಜ್ ಒತ್ತಿದ. ತಡವರಿಸುತ್ತ ಕೇಳಿದ... “ಸಾಬ್ರೇ, ಮಗು?”

ಅದೇ ನಂಬರಿನಿಂದ ಮತ್ತೊಂದು ಮೆಸೇಜ್ ಬಂತು. ಈ ಸಲ ಹೆಂಗಸಿನ ದನಿ, ಅಳುತ್ತಿದೆಯೋ ನಗುತ್ತಿದೆಯೋ ತಿಳಿಯದ ಹಾಗೆ.

“ಅಂಕಲ್, ನಾನೇ ಆ ಮಗು. ಅಬ್ಬಾಗೆ ಫೋನು ಒತ್ತೋಕೆ ಬರಲ್ಲ, ನಾನೇ ಹಿಡ್ಕೊಂಡಿದೀನಿ. ಈ ವಿಷ್ಯ ನನಗೂ ಇವತ್ತೇ ಗೊತ್ತಾಗಿದ್ದು.”

ಮುನಿರತ್ನಮ್ಮ ಎರಡನೇ ಸಲ ಸೆರಗು ಹಿಡಿದಳು. ಈ ಸಲ ಪಿಳ್ಳಪ್ಪ ಕೂಡ ಅದರದೇ ಇನ್ನೊಂದು ತುದಿ ಹಿಡಿದ.

ಸುಮಿತ್ರಾ ಮೇಡಂ ಜೀವಮಾನದಲ್ಲಿ ಮೊದಲ ಸಲ ತಮ್ಮ ಇಂಟು ಮಾರ್ಕ್ ಅಳಿಸಿದರು. “ಪಿಳ್ಳಪ್ಪನವರ ಉತ್ತರವೂ ಸರಿ. ಅವರ ಮೀಸೆ ನನ್ನ ಮೇಲೆ ಸಾಲ. ತೀರಿಸೋಣ ಅಂದ್ರೆ ನನಗೆ ಮೀಸೆ ಇಲ್ಲ” ಅಂತ ಬರೆದರು.

ಪಿಳ್ಳಪ್ಪ ಬೋಳು ತುಟಿಯ ಮೇಲೆ ಬೆರಳಾಡಿಸಿಕೊಂಡು ಉತ್ತರಿಸಿದ.

“ಸಾಲ ನಂದೇ ಇತ್ತು ಮೇಡಂ. ಸಾಬ್ರು ನಮಗೆ ಗಿರಿಜೇನ ನಲವತ್ತೆರಡು ವರ್ಷ ಬದುಕಿಸಿ ಕೊಟ್ಟವ್ರೆ. ಅದಕ್ಕೆ ಒಂದು ಮೀಸೆ ಹೋಯ್ತು ಅನ್ಕೊಳ್ಳಿ... ಚುಕ್ತಾ.”

.

ಒಬ್ಬರು ತಪ್ಪು ಹೇಳುತ್ತಿದ್ದಾರೆ ಅನ್ನಿಸಿದಾಗ ನಗುವ ಮೊದಲು, ಅವರು ಯಾವ ಟೆಂಟಿನಲ್ಲಿ ಕೂತು ನೋಡಿದ್ದರು ಅಂತ ಕೇಳಿ.

ನಿಮಗೆ ತಿಳಿಯದ ಹಾಗೆ, ನಿಮ್ಮ ಪಾಲಿನ ಯಾವುದೋ ರೀಲನ್ನು ಡಬ್ಬಿಯಲ್ಲೇ ಇಟ್ಟು ನಿಮ್ಮನ್ನು ಕಾಪಾಡಿದವರು ಯಾರಿರಬಹುದು...?