ನಡುರಸ್ತೆಯ ಮೀನುಗಳು

ಶಾಲೆಯ ಮುಂದೆ ರಸ್ತೆಗೆ ಅಡ್ಡಲಾಗಿ ಬಿಳಿ ಮೀನುಗಳ ಸಾಲು ಬರೆಯುತ್ತಿದ್ದ ಡ್ರಾಯಿಂಗ್ ಟೀಚರ್ ಕೊನೆಯ ಮೀನಿಗೆ ಬಂದಿದ್ದರು. ಟ್ರಾಫಿಕ್ ಪೊಲೀಸ್ ಬಂದು ನಿಂತ.

"ಯಾರನ್ನ ಕೇಳಿ ಬಳೀತಿದೀರಾ ಮೇಡಂ? ಅಳಿಸಿ, ಇಲ್ಲಾಂದ್ರೆ ಕೇಸಾಗುತ್ತೆ."

"ಮಕ್ಕಳು ದಾಟೋಕೆ ಪಟ್ಟೆ ಹಾಕಿಸಿ ಅಂತ ಕೇಳಿ ಕೇಳಿ ಸಾಕಾಯ್ತು. ಒಂದು ಮಗು ಕಾಲು ಮುರಿದುಕೊಂಡ್ರೂ ನಗರಸಭೆ ಆಫೀಸಿನವರು ಕಿವಿಗೆ ಹಾಕ್ಕೊಳ್ಳಲಿಲ್ಲ," ಎಂದರು ಟೀಚರ್, ಬ್ರಶ್ ಕೆಳಗಿಡದೆ.

ಅಷ್ಟರಲ್ಲಿ ಶಾಲೆ ಬಿಟ್ಟಿತು. ಮಕ್ಕಳು ಎಂದಿನಂತೆ ಎಲ್ಲೆಂದರಲ್ಲಿ ನುಗ್ಗಲಿಲ್ಲ. ಮೀನಿಂದ ಮೀನಿಗೆ ಹೆಜ್ಜೆಯಿಡುತ್ತ, ಹಸಿಯಾಗಿದ್ದ ಕೊನೆಯದನ್ನು ಹಾರುತ್ತ, ಸಾಲಾಗಿ ದಾಟತೊಡಗಿದರು. ಅತ್ತಲಿಂದ ಲಾರಿಯೊಂದು ಬರುತ್ತಿತ್ತು. ಪೊಲೀಸ್ ಓಡಿಹೋಗಿ ಕೈ ಅಡ್ಡ ಹಿಡಿದ. ಲಾರಿ ನಿಂತಿತು.

ಕೊನೆಯ ಮಗು ದಾಟಿದರೂ ಅವನು ಕೈ ಇಳಿಸಲಿಲ್ಲ. ಲಾರಿಯವನು ಹಾರನ್ ಹೊಡೆದ.

"ಸ್ವಲ್ಪ ಇರಪ್ಪ," ಎಂದ ಪೊಲೀಸ್, "ಬಣ್ಣ ಒಣಗಲಿ."